ಸೀಮೆಸುಣ್ಣದ ಗುರುತು

ಬಳ್ಳಾರಿ, ಕೌಲ್ ಬಜಾರ್. ಮಹಡಿ ಮೇಲೆ ಕತ್ತರಿ ಮೇಜು.
ಗಾದಿಲಿಂಗ ಮಾಸ್ತರು ಡೆನಿಮ್ಮಿನ ಮೇಲೆ ಎಳೆಯುವುದು
ಒಂದು ಗೀಟು, ಒಂದು ಕೊಕ್ಕೆ, ಒಂದು ಸೊನ್ನೆ.
ಗೀಟು ಹೊಲಿಯುವುದಿಲ್ಲ. ಕೊಕ್ಕೆ ತಾನಾಗಿ ಜೇಬಾಗುವುದಿಲ್ಲ.
ಯಾರೂ ಓದದಿದ್ದರೆ ಅದು ಸುಣ್ಣ, ಅಷ್ಟೆ.

ಪಕ್ಕದ ಕೋಣೆಯಲ್ಲಿ, ನೀರು ಮುಗಿದ ಕೂಲರಿನೆದುರು
ಕೂಲಿ ಲೆಕ್ಕದ ಜಾವಾ ನೋಡಿಕೊಳ್ಳುವವಳು ನಾನು.
ನನ್ನ ಕ್ಲಾಸುಗಳ ನೆತ್ತಿಗೂ ಇಂಥದೇ ಗುರುತು,
ಅನೋಟೇಶನ್ ಅನ್ನುತ್ತೇವೆ.
ಅದೂ ಸುಮ್ಮನೆ ಕೂತಿರುತ್ತದೆ.

ಬೆಳಿಗ್ಗೆ ಒಂಬತ್ತಕ್ಕೆ ಚಾಲೂ ಮಾಡಿದರೆ
ಮೊದಲು ಏಳುವವನು ಓದುವವನು.
ಪ್ಯಾಕೇಜಿನ ಹೆಸರು ಹಿಡಿದು ಓಣಿ ಓಣಿ ತಿರುಗುತ್ತಾನೆ.
ಯಾರನ್ನೂ ಎಬ್ಬಿಸುವುದಿಲ್ಲ,
ಹೊಸ್ತಿಲಾಚೆ ನಿಂತೇ ಬೈಟುಗಳಲ್ಲಿ ಗುರುತು ಹುಡುಕಿ
ಬರೆದುಕೊಳ್ಳುತ್ತಾನೆ: ಇಂಥವರಿದ್ದಾರೆ,
ಇವರಿಗೆ ಇಂಥವರು ಬೇಕು.
ಇನ್ನೂ ಒಬ್ಬರೂ ಹುಟ್ಟಿಲ್ಲ. ಬರೀ ಪಟ್ಟಿ.

ಆಮೇಲೆ ಹೆರಿಗೆ.
ಕೂಲಿಗೆ ದರ ಬೇಕು, ದರಕ್ಕೆ ಕಡತ ಬೇಕು,
ಹಾಗಾಗಿ ಕಡತವೇ ಮೊದಲು ಅಳುತ್ತದೆ.
ಒಂದೇ ನಮೂನೆಯವರು ಇಬ್ಬರಿದ್ದರೆ ಅಲ್ಲೇ ನಿಂತು ರಂಪ.
ಇಲ್ಲೂ ಹಾಗೇ: "ಎರ್ರಿಸ್ವಾಮೀ" ಎಂದರೆ
ಮೂರು ಮಷೀನು ಗಕ್ಕನೆ ನಿಲ್ಲುತ್ತವೆ.
ಕಾಜಾ ಎರ್ರಿಸ್ವಾಮಿ ಅನ್ನಬೇಕು.

ಕೆಲವರ ಎದುರಿಗೆ ಮಾತ್ರ
ಅವರದೇ ಮುಖದ ಇನ್ನೊಬ್ಬನನ್ನು ನಿಲ್ಲಿಸುತ್ತಾರೆ.
ಹೊರಗಿಂದ ಕರೆದರೆ ಓಗೊಡುವುದು ಅವನು.
ಖಾತೆ ತೆರೆದು, ಒಳಗೆ ಬಿಟ್ಟು,
ನಡುವೆ ಏನಾದರೂ ಕೆಟ್ಟರೆ
ಮಾಡಿದ್ದನ್ನೆಲ್ಲ ಅಳಿಸಿ ಕೈ ತೊಳೆಯುತ್ತಾನೆ.

ಹೋದ ಶನಿವಾರ ಮಾಬುನ್ನಿ ಬಂದು ನಿಂತಳು.
ಮುಂಗಡ ಮುರಿದುಕೊಂಡಿದೆ. ಕೂಲಿ ಬಿದ್ದಿಲ್ಲ.
ಗುರುತು ಇತ್ತು, ನಾನೇ ಬರೆದದ್ದು.
ರಾತ್ರಿ ಹನ್ನೊಂದರವರೆಗೆ ಕೆದಕಿದೆ.
ವಾರದ ಲೆಕ್ಕ ತನ್ನದೇ ಇನ್ನೊಂದು ಮೆಥಡ್ಡನ್ನು
ಒಳಗಿಂದೊಳಗೇ ಕರೆದುಬಿಟ್ಟಿದೆ.
ಬಾಗಿಲಲ್ಲಿ ನಿಂತವನಿಗೆ
ಅಡುಗೆಮನೆಯ ಮಾತು ಹೇಗೆ ಕೇಳಬೇಕು?

ಮರುದಿನ ಅವಳಿಗೆ ಇದನ್ನೇ ಹೇಳಹೋದೆ.
ಮಾಬುನ್ನಿ ಜೇಬಿನ ತುಂಡೊಂದನ್ನು ತಿರುವಿ ತೋರಿಸಿದಳು:
"ಮಡಿಕಿ ಒಳಗ ಬಿದ್ದ ಗುರುತು ನನಗೂ ಕಾಣಂಗಿಲ್ಲಮ್ಮ."

ಆ ಮೆಥಡ್ಡನ್ನು ಬೇರೆ ಕ್ಲಾಸಿಗೆ ಸಾಗಿಸಿದೆ,
ಇನ್ನು ಬಾಗಿಲು ದಾಟಿಯೇ ಹೋಗಬೇಕು.
ಕೆಳಗೆ ತೊಳೆಯುವ ಯೂನಿಟ್ಟಿಗೆ ಲಗೇಜ್ ಆಟೋ ಹೊರಟಿತ್ತು,
ಮಾಸ್ತರ ಸುಣ್ಣವೆಲ್ಲ ಅಲ್ಲಿ ಹೋಗುತ್ತದೆ.
ನನ್ನದು ಹೋಗುವಂಥದಲ್ಲ,
ಓಡುವಾಗಲೂ ಮೈಮೇಲೆ ಇರುತ್ತದೆ.

ನಾನೂರ ಹನ್ನೆರಡು ರೂಪಾಯಿ ಎರಡು ಸಲ ಎಣಿಸಿ
ಮಾಬುನ್ನಿ ಕೇಳಿದಳು:
"ಬರೋ ವಾರ ಸರಿಯಾಗಿ ಓದ್ತಾನಾ ಆತ?"