ಬಲಗಿವಿ

ನಾಲ್ಕು ಡಿಗ್ರಿ ಚಳಿಯಲ್ಲಿ
ಆಲೂಗಡ್ಡೆ ಮೂಟೆಗಳನ್ನು ಕಾಯುವುದು ನನ್ನ ಕೆಲಸ.
ಎರಡು ಗಂಟೆಗೊಮ್ಮೆ ಎದ್ದು
ಉಷ್ಣಾಂಶ ನೋಡಿ, ಪುಸ್ತಕದಲ್ಲಿ ಬರೆದು
ರುಜು ಹಾಕಬೇಕು: ಪ್ರೇಮಲೀಲಾ ಎಚ್.ಡಿ.
ಕಂಪ್ರೆಸರಿನ ಗುಂಯ್‌ಗುಡುವ ಸದ್ದಿನೊಳಗೆ
ಆರು ವರ್ಷ ಅವರನ್ನೇ ಕೇಳಿದ್ದೇನೆ,
ಬಲಗಡೆ ಸತ್ತುಹೋದ ಇಯರ್‌ಫೋನಿನ
ಎಡಗಡೆಯಲ್ಲಿ.

ಬ್ಯಾಂಡಿನ ಹೆಸರು ಎಡಗಾಲ ಚಪ್ಪಲಿ.
ನಗಬೇಡಿ. ನಾನೂ ಮೊದಲು ನಕ್ಕವಳೇ.
ಆಮೇಲೊಂದು ರಾತ್ರಿ ಮೂರನೇ ಹಾಡಿಗೆ
ಬರೆಯುತ್ತಿದ್ದ ಪೆನ್ನು ನಿಂತು
ಎರಡು ಗಂಟೆಯ ಕಾಲಮ್ಮು ಖಾಲಿ ಉಳಿಯಿತು.
ಮ್ಯಾನೇಜರ್ ಕೇಳಿದರು. ನಿದ್ದೆ ಬಂತು ಸಾರ್ ಅಂದೆ.
ಸುಳ್ಳುಗಳಲ್ಲಿ ಅದೇ ಸುಲಭದ್ದು.

ಅವರು ಬರುತ್ತಾರಂತೆ ಎಂದವಳು ಫಿರ್ದೋಸ್,
ಗ್ರೇಡಿಂಗ್ ಟೇಬಲ್ಲಿನ ಹುಡುಗಿ,
ಕೊಳೆತದ್ದನ್ನು ಮುಟ್ಟದೆ, ಮೂಸಿಯೇ ಹೇಳಬಲ್ಲವಳು.
ಹುಬ್ಬಳ್ಳಿ, ದಾವಣಗೆರೆ, ಹಾಸನ, ಮಂಗಳೂರು.
ನಮ್ಮೂರಿಗ್ಯಾಕೆ ಬರ್ತಾರೆ ಅಂದೆ.
ದಾರೀಲಿದೆಯಲ್ಲಕ್ಕಾ ಅಂದಳು.
ಹೌದು, ನಮ್ಮೂರು ಯಾವಾಗಲೂ ದಾರಿಯಲ್ಲೇ ಇದೆ,
ಎಲ್ಲರೂ ಇಳಿದು, ಕಾಫಿ ಕುಡಿದು, ಮತ್ತೆ ಹತ್ತುವ ಊರು.

ಸಾಲಗಾಮೆ ರಸ್ತೆಯ ಛತ್ರದ ಮಹಡಿ.
ಬೆಳಿಗ್ಗೆ ಯಾರದೋ ಧಾರೆ ಮುಗಿದಿತ್ತು.
ವೇದಿಕೆಯ ಹಿಂದೆ ಥರ್ಮೋಕೋಲಿನ
ಚಿ.ಸೌ. ಇನ್ನೂ ಅಂಟಿಕೊಂಡಿತ್ತು,
ವರನನ್ನು ಯಾರೋ ಕಿತ್ತಿದ್ದರು.
ಡ್ರಮ್ಮಿನ ದಾಕ್ಷಾಯಿಣಿ ಸರಿಯಾಗಿ ಅದರ ಕೆಳಗೇ ಕೂತು
ಕಡ್ಡಿ ತಿರುಗಿಸುತ್ತಿದ್ದಳು.

ಎಣಿಸಿದೆ, ಅಭ್ಯಾಸಬಲ:
ನಲವತ್ತೊಂದು ಜನ,
ವಾಚ್‌ಮನ್ ಮತ್ತು ಪಾತ್ರೆ ತೊಳೆಯಲು ಉಳಿದಿದ್ದ
ಇಬ್ಬರು ಹೆಂಗಸರೂ ಸೇರಿ.
ನಾನೊಬ್ಬಳೇ ಕೇಳುತ್ತೇನೆ ಅಂದುಕೊಂಡಿದ್ದೆ ಇಷ್ಟು ದಿನ.
ಮೀಸೆ ಬರದ ಪಾಲಿಟೆಕ್ನಿಕ್ ಹುಡುಗನೊಬ್ಬನಿಗೆ
ನನ್ನ ಹಾಡೆಲ್ಲ ಬಾಯಿಪಾಠ.
ಹೊಟ್ಟೆ ಉರಿಯಿತು, ನಿಜ ಹೇಳಿಬಿಡುತ್ತೇನೆ.

ಎಲ್ವಿನ್ ಮೈಕಿನ ಮುಂದೆ ಬಂದ. ಅಯ್ಯೋ, ಕುಳ್ಳ.
ಆ ದನಿಗೆ ನಾನೇ ಎತ್ತರ ಕೊಟ್ಟಿದ್ದೆ.

ಮೂರನೇ ಹಾಡು ಶುರುವಾಯಿತು
ಮತ್ತು ಬಲಗಡೆಯಿಂದ
ನಾನೆಂದೂ ಕೇಳದ ಇನ್ನೊಂದು ಗಿಟಾರು
ಒಳಗೆ ಬಂತು.
ಹೊಸದಾಗಿ ಸೇರಿಸಿದ್ರಾ? ಫಿರ್ದೋಸಳ ಕಡೆ ತಿರುಗಿದೆ.
ಅಕ್ಕಾ, ಅದು ಮೊದಲಿಂದ ಇದೆ.
ಆರು ವರ್ಷ ಅದು ಅಲ್ಲೇ ನುಡಿಯುತ್ತಿತ್ತು,
ಸತ್ತ ವೈರಿನ ತುದಿಯಲ್ಲಿ,
ಕರೆಯದೆ ಒಳಗೆ ಬರಬಾರದೆಂದು
ಜಗುಲಿಯಲ್ಲೇ ನಿಂತವರ ಹಾಗೆ.

ಪಲ್ಲವಿ ಬಂತು. ನಾನು ಹಾಡಿದೆ,
ಉಳಿದ ಬಾಯಿಗಳೆಲ್ಲ ಬೇರೆಯದನ್ನು ಹಾಡಿದವು.
ಕೂಗುವವರಿಗೆ ಬಾಗಿಲು ತೆರೆದಿಟ್ಟೆ. ಇದು ನನ್ನದು.
ಹೋಗುವವರಿಗೆ ಬಾಗಿಲು ತೆರೆದಿಟ್ಟೆ. ಅದು ಅವರದು.
ಒಂದೇ ಒಂದು ಅಕ್ಷರ, ಕಂಪ್ರೆಸರು ನುಂಗಿದ್ದು.

ಆ ಅಕ್ಷರದ ಮೇಲೆ ನಾನೆಷ್ಟು ಕಟ್ಟಿದ್ದೆ.
ಕೆಂಪರಾಜು ಬ್ಯಾಗು ಹಿಡಿದು ಮೆಟ್ಟಿಲಿಳಿದ ವರ್ಷ
ಎಂದಾದರೂ ಕೂಗಿಯಾನು ಎಂದು
ಚಿಲಕ ಹಾಕದೆ ಮಲಗಿದವಳು.
ಹಾಡು ಹಾಗೆ ಹೇಳಿತ್ತಲ್ಲ.
ಹೇಳಿರಲಿಲ್ಲ.

ಎರಡನೇ ಸಲ ಪಲ್ಲವಿ ಬಂದಾಗ
ಬಾಯಿ ಮುಚ್ಚಿಕೊಂಡು ಕೇಳಿದೆ.
ಮೂರನೇ ಸಲ ಮತ್ತೆ ನನ್ನದನ್ನೇ ಹಾಡಿದೆ, ಗಟ್ಟಿಯಾಗಿ.
ಪಾಲಿಟೆಕ್ನಿಕ್ ಹುಡುಗ ತಿರುಗಿ ನೋಡಿದ.
ನೋಡಲಿ.

ಊಟದ ಮೇಜಿನ ಮೇಲೆ ಟೀ ಶರ್ಟು ಹರಡಿದ್ದರು.
ಬೆನ್ನಿಗೆ ಊರುಗಳ ಪಟ್ಟಿ:
ಹುಬ್ಬಳ್ಳಿ, ದಾವಣಗೆರೆ, ಹಸನ.
ದೀರ್ಘ ಬಿಟ್ಟುಹೋಗಿದೆ ಅಂದೆ.
ಎಲ್ವಿನ್ ತಲೆ ಕೆರೆದುಕೊಂಡು
ಇಪ್ಪತ್ತು ರೂಪಾಯಿ ಕಡಿಮೆ ಕೊಡಿ ಅಂದ.
ಬೇಡಪ್ಪ, ಹಸನಾಗಿಯೇ ಇರಲಿ ಅಂದೆ.
ಅವನಿಗೆ ಹೇಳಬೇಕೆಂದು ಕೂಡಿಟ್ಟದ್ದರಲ್ಲಿ
ಹೇಳಿದ್ದು ಇಷ್ಟೇ, ದೀರ್ಘದ ವಿಷಯ.

ಹತ್ತೂವರೆಗೆ ಪಾಳಿ.
ಸ್ವೆಟರಿನ ಮೇಲೆಯೇ ಅದನ್ನು ತೊಟ್ಟುಕೊಂಡೆ.
ಹನ್ನೆರಡಕ್ಕೆ ಎದ್ದು ನೋಡಿದೆ, ನಾಲ್ಕು ಡಿಗ್ರಿ.
ಬರೆದೆ. ರುಜು ಹಾಕಿದೆ.
ಎಡಗಿವಿಯದನ್ನು ತೆಗೆದು
ಬಲಗಿವಿಗೆ ಇಟ್ಟು ನೋಡಿದೆ.
ಅದೇ ಅರ್ಧ ಹಾಡು.
ಇನ್ನರ್ಧ ಮಾತ್ರ, ಆಣೆಗೂ,
ಆಲೂಗಡ್ಡೆ ಮೂಟೆಗಳ ಹಿಂದಿನಿಂದ ಬರುತ್ತಿತ್ತು.