ಮರದ ಅಳತೆಕೋಲು

ಮೀಟರಿನ ಮುಳ್ಳು ಸುಳ್ಳು ಹೇಳುತ್ತೆ ಅನ್ನುತ್ತಾಳೆ ಥೆಲ್ಮಾ.
ಏಣಿ ಹತ್ತಿ, ರೆಕ್ಕೆಯ ಟ್ಯಾಂಕಿಗೆ ಕೋಲಿಳಿಸಿ,
ಒದ್ದೆಗೆರೆಗೆ ಹೆಬ್ಬೆರಳುಗುರು ಒತ್ತಿ:
"ಇದು ನಿಜ. ಬರಕೋ."

ಫ್ಲಿಂಡರ್ಸ್ ದ್ವೀಪದ ಹುಲ್ಲುಪಟ್ಟಿಯಿಂದ
ಹೊಸ ಬೂಟಿನಲ್ಲೇ ವಾಲಬಿಗಳನ್ನು ಓಡಿಸಿ ಬಂದ ಹುಡುಗ
ಕೇಳುತ್ತಾನೆ: ಒಂದೇ ಎಂಜಿನ್ನು, ಕೆಳಗೆ ಬರೀ ನೀರು,
ಎಷ್ಟೆತ್ತರ ಹಾರಿದರೆ ಕ್ಷೇಮ?

ಕ್ಲಬ್ಬಿನಲ್ಲಿ ಇದಕ್ಕೆ ಹನ್ನೊಂದು ಉತ್ತರ.
ಕೊಟ್ಟವರಲ್ಲಿ ಇಬ್ಬರು ಜಲಸಂಧಿ ದಾಟಿಯೇ ಇಲ್ಲ.

ಅವಳು ಸೀಸೆಗೆ ಒಂದಿಷ್ಟು ಪೆಟ್ರೋಲು ಇಳಿಸಿ
ಬೆಳಕಿಗೆ ಹಿಡಿಯುತ್ತಾಳೆ. ತಿಳಿನೀಲಿ;
ತಳದಲ್ಲಿ ಸಾಸಿವೆಯಷ್ಟು ನೀರು.
ಚೆಲ್ಲುತ್ತಾಳೆ. ಮತ್ತೆ ಹಿಡಿಯುತ್ತಾಳೆ.

"ದಡ ದಾಟಿದ್ದೇ ಎಂಜಿನ್ನು ಬೇರೆ ಥರ ಗೊರಗುಟ್ಟುತ್ತೆ.
ಎಂಜಿನ್ನಲ್ಲ, ನಿನ್ನ ಕಿವಿ ಅದು.
ನನಗೆ ನಲವತ್ತು ವರ್ಷದಿಂದ ಹಾಗೇ ಕೇಳಿಸುತ್ತೆ.
ಲೈಫ್ ಜಾಕೆಟ್ಟು ಹಿಂದಿನ ಸೀಟಲ್ಲಲ್ಲ, ಮೈಮೇಲಿರಲಿ.
ಎತ್ತರ? ಮೋಡ ಬಿಟ್ಟಷ್ಟು."

ತಲೆಯೆತ್ತಿ ದಕ್ಷಿಣಕ್ಕೆ ನೋಡುತ್ತಾಳೆ.
ಬೆಟ್ಟದ ನೆತ್ತಿ ಆಗಲೇ ಇಲ್ಲ.

ಲಾನ್ಸೆಸ್ಟನ್ನಿನಲ್ಲಿ ಮೂರು ಗಂಟೆಗೆ
ಹುಡುಗನ ಅಕ್ಕನ ಮದುವೆ.
ಅದು ಅವಳಿಗೂ ಗೊತ್ತು.

ಕೋಲು ಒರೆಸಿ ಸೀಟಿನಡಿ ಇಟ್ಟು
ಬಿಚ್ಚಿದ ಹಗ್ಗಗಳನ್ನು ಮತ್ತೆ ಬಿಗಿಯುತ್ತಾಳೆ,
ಮೊದಲು ಬಾಲಕ್ಕೆ, ಆಮೇಲೆ ರೆಕ್ಕೆಗೆ.
ಅವನು ಚಕ್ರದ ಪಕ್ಕ ಕೂತು
ಬೂಟಿಗಂಟಿದ ಹುಲ್ಲು ಕೀಳುತ್ತಾನೆ, ಒಂದೊಂದೇ.