ಬಾ ಎಂದು ಮುಗಿಯುವ ಕ್ರಿಯಾಪದ

ಮಡಗಾಂವಿನ ಬೋರ್ಡಾದಲ್ಲಿ, ಬೇಕರಿಯ ಮಾಳಿಗೆಯ ಮೇಲೆ,
ಮಂಗಳವಾರ ಶುಕ್ರವಾರ ಸಂಜೆ ಆರೂವರೆಗೆ ಕ್ಲಾಸು.
ಸೇರಿದ್ದು ಮಗಳು. ಬಿಟ್ಟದ್ದೂ ಅವಳೇ, ಎರಡನೇ ವಾರಕ್ಕೆ.
ಕಟ್ಟಿದ ಫೀಸು ವಾಪಸ್ ಕೊಡುವುದಿಲ್ಲ ಎಂದರು;
ಅವಳ ನೋಟುಪುಸ್ತಕ ಹಿಡಿದು ನಾನು ಹೋಗಿ ಕೂತೆ,
ನಲವತ್ತೇಳರ ಹೆಂಗಸು, ಕೈಗಿನ್ನೂ ಸ್ಪಿರಿಟ್ಟಿನ ವಾಸನೆ.

ಎತೆಲ್ವಿನಾ ಟೀಚರ್ ಸೀಮೆಸುಣ್ಣ ಎರಡಾಗಿ ಮುರಿದು
ಒಂದು ತುಂಡು ಫ್ರಾಕಿನ ಜೇಬಿಗಿಳಿಸಿ
ಬರೆದರು: ಎಸ್ಪೆರಾರ್.
"ಕಾಯುವುದು. ಆಶಿಸುವುದು ಅಂತಲೂ ಹೌದು. ಎರಡಕ್ಕೂ ಒಂದೇ ಮಾತು.
ಸಾಧುಪ್ರಾಣಿ ಇದು, ನಿಯಮ ಮೀರುವುದಿಲ್ಲ.
ಬಾಲ ಕತ್ತರಿಸಿ, ಆಬಾ ಅಂಟಿಸಿ."

ಎಸ್ಪೆರಾಬಾ, ಎಸ್ಪೆರಾಬಾಸ್, ಎಸ್ಪೆರಾಬಾ,
ಎಸ್ಪೆರಾಬಾಮೊಸ್, ಎಸ್ಪೆರಾಬೈಸ್, ಎಸ್ಪೆರಾಬಾನ್.

ಹಡಗು ಸೇರಲಿರುವ ಲಾಯ್ಡ್ ತಪ್ಪಿಲ್ಲದೆ ಒಪ್ಪಿಸಿದ.
ನನಗೆ ನಗು. ಪದದ ಬಾಲ ಹಿಡಿದು ಯಾರೋ
ಬಾ, ಬಾ ಎಂದು ಕರೆಯುತ್ತಿದ್ದಾರೆ,
ಬರುವವರು ಕಾಣದೆ ಕಡೆಗೆ ಬರೀ ಬಾನು.

ಟೀಚರೇ ಎಡವುತ್ತಿದ್ದರು. ಎಳವೆಯ ಪೋರ್ಚುಗೀಸು
ನಾಲಿಗೆಗೆ ನುಗ್ಗಿ ಎಸ್ಪೆರಾವಾ ಎನ್ನುತ್ತಿತ್ತು.
ವಾ ಅಲ್ಲ, ಬಾ, ಎಂದು ತಮಗೆ ತಾವೇ ಗದರಿಕೊಳ್ಳುವರು.
ಇರಲಿ ಬಿಡಿ ಎಂದುಕೊಂಡೆ; ನಮ್ಮವರೂ
ವನವನ್ನು ಬನ ಮಾಡಿದವರು, ವರ್ಣವನ್ನು ಬಣ್ಣ.

ಈ ಕಾಲ ಯಾವುದಕ್ಕೆ?
ಮುಗಿದದ್ದಕ್ಕಲ್ಲ. ಅದಕ್ಕೆ ಬೇರೆ ರೂಪವಿದೆ, ಮುಂದಿನ ಪಾಠ.
ಇದು ದಿನಾ ನಡೆಯುತ್ತಿದ್ದದ್ದಕ್ಕೆ,
ಯಾವತ್ತು ಶುರು, ಯಾವತ್ತು ಕೊನೆ ಎಂದು ಯಾರೂ ಕೇಳದ್ದಕ್ಕೆ.
"ಅಪ್ಪ ಸಂಜೆ ಪಿಟೀಲು ನುಡಿಸುತ್ತಿದ್ದರು" ಎಂದರು ಟೀಚರ್.
"ಒಂದು ದಿನ ನಿಲ್ಲಿಸಿದರು. ಅದು ಇನ್ನೊಂದು ಕಾಲ.
ಅದು ಇವತ್ತು ಬೇಡ."

ಮನೆಗೆಲಸಕ್ಕೆ ಐದು ವಾಕ್ಯ. ಲಾಯ್ಡನದು: ಬಸ್ಸಿಗೆ ಕಾಯುತ್ತಿದ್ದೆ.
ನನ್ನದು: ಲ್ಯಾಬಿನ ಹೊರಗೆ ಹಸಿರು ಬೆಂಚಿನಲ್ಲಿ ಜನ ಕಾಯುತ್ತಿದ್ದರು.
"ಕಾಯುತ್ತಿದ್ದರೋ, ಆಶಿಸುತ್ತಿದ್ದರೋ?"
ಹದಿನೆಂಟು ವರ್ಷದಿಂದ ಗಾಜಿನ ಈಚೆ ಕೂತಿದ್ದೇನೆ,
ಯಾರೂ ನನ್ನನ್ನು ಇದು ಕೇಳಿರಲಿಲ್ಲ.

ಕನ್ನಡದ ಕಾಯುವುದರಲ್ಲಿ ಆಸೆ ಇಲ್ಲ, ಟೀಚರ್.
ಕಾವಲಿದೆ: ದನ ಕಾಯುತ್ತಾರೆ, ಹೊಲ ಕಾಯುತ್ತಾರೆ.
ಬಿಸಿ ಇದೆ: ಒಲೆಯ ಮೇಲೆ ಹಾಲು ಕಾಯುತ್ತದೆ, ಹೆಂಚು ಕಾಯುತ್ತದೆ.
ಇಷ್ಟನ್ನು ಸ್ಪ್ಯಾನಿಷಿನಲ್ಲಿ ಹೇಳುವಷ್ಟು ಕಲಿತಿರಲಿಲ್ಲ,
ಸಿ ಸಿ ಎಂದು ತಲೆಯಾಡಿಸಿ ಕೂತೆ.

ಜುಲೈ ಕೊನೆಯ ಬುಧವಾರ. ಟ್ರೇಯಲ್ಲಿ ನೇರಳೆ ಮುಚ್ಚಳದ ನಳಿಗೆ,
ಮೇಲೆ ಅಂಟಿಸಿದ ಚೀಟಿ:
ಎತೆಲ್ವಿನಾ ಬಾರೆಟೊ, ೭೬, ಸ್ತ್ರೀ.
ತಲೆಯೆತ್ತಿದರೆ ಹಸಿರು ಬೆಂಚಿನ ತುದಿಗೆ,
ಕೊಡೆಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು.
ಮಾಸ್ಕಿನಲ್ಲಿ ನನ್ನ ಗುರುತು ಹತ್ತಲಿಲ್ಲವೋ,
ಹತ್ತಿಯೂ ಸುಮ್ಮನಿದ್ದರೋ.
ಕರೆಂಟು ಹೋಗಿ ಬಂದಿತ್ತು; ಮಷೀನು ಮತ್ತೆ
ಇಪ್ಪತ್ತು ನಿಮಿಷ ಕಾಯಬೇಕಿತ್ತು.

ನಮ್ಮ ಭಾಷೆಯಲ್ಲಿ ನಾನು ಬೇರೆ, ಆಕೆ ಬೇರೆ.
ಕಾಯುತ್ತಿದ್ದೆ. ಕಾಯುತ್ತಿದ್ದಳು.
ಗೌರವ ಕೊಟ್ಟರೆ ಇನ್ನೂ ಒಂದು ಕುರ್ಚಿ ದೂರ: ಕಾಯುತ್ತಿದ್ದರು.
ಅಲ್ಲಿ ಮೂರಕ್ಕೂ ಒಂದೇ, ಎಸ್ಪೆರಾಬಾ.
ಹೆಸರು ಹೇಳದಿದ್ದರೆ ತಿಳಿಯುವುದೇ ಇಲ್ಲ
ಗಾಜಿನ ಯಾವ ಕಡೆಯವಳು ಎಂದು.

ರಿಪೋರ್ಟಿಗೆ ಸಹಿ ನನ್ನದೇ. ಅದರಲ್ಲೇನಿತ್ತು ಎಂಬುದನ್ನು
ಇಲ್ಲಿ ಬರೆಯುವಂತಿಲ್ಲ.

ಶುಕ್ರವಾರ ಮುಂದಿನ ಪಾಠ ಆಗಬೇಕಿತ್ತು.
ಟೀಚರ್ ಬಂದರು, ಕೊಡೆ ಕೊಡವಿ ಮೂಲೆಗಿಟ್ಟರು,
ಬೋರ್ಡು ಒರೆಸಿ, "ಇನ್ನೊಂದು ಸಲ ಇದನ್ನೇ ಮಾಡೋಣ" ಎಂದರು.
ಲಾಯ್ಡ್ ಗೊಣಗಿದ, ಹೋದ ವಾರವೇ ಬಾಯಿಪಾಠ ಆಗಿದೆ ಎಂದು.
ನಾನು ಎದ್ದು ನಿಂತು ಎಲ್ಲರಿಗಿಂತ ಗಟ್ಟಿಯಾಗಿ ಶುರುಮಾಡಿದೆ.
ಟೀಚರ್ ದನಿಗೂಡಿಸಿ ಎಸ್ಪೆರಾವಾ ಎಂದರು,
ಈ ಸಲ ತಿದ್ದಿಕೊಳ್ಳಲಿಲ್ಲ.

ಕೆಳಗೆ, ನಾಳೆ ಬೆಳಗಿನ ರೊಟ್ಟಿಗೆ,
ಒಲೆ ಕಾಯುತ್ತಿತ್ತು.